ಗವಿಯ ಕೆಂಪು ನೀರು

ಕಕ್ಕೇರಾ ದಾಟಿ ನಮ್ಮೂರಿನ ದಾರಿ ಹಿಡಿದರೆ ಎಡಗಡೆ ಗುಡ್ಡದ ಬುಡದಲ್ಲಿ ಒಂದು ಆಳವಾದ ತಗ್ಗು ಸಿಗುತ್ತದೆ. ಊರವರು ಅದನ್ನು ಗವಿ ಎನ್ನುತ್ತಾರೆ. ಯಾವುದೋ ಕಾಲದವರು ಚಿನ್ನ ಹುಡುಕಿ ಅಗೆದು, ಸಿಕ್ಕಿತೋ ಇಲ್ಲವೋ ಯಾರಿಗೂ ತಿಳಿಯದಂತೆ ಬಿಟ್ಟುಹೋದ ಜಾಗವಂತೆ. ಬಾಯಿ ಎರಡು ಬಂಡಿ ಅಗಲ ಇದೆ. ಹತ್ತು ಹೆಜ್ಜೆ ಇಳಿದರೆ ನೀರು. ಮಳೆಗಾಲದಲ್ಲಿ ಅದರ ಬಣ್ಣ ತೆಳುವಾದ ಚಹಾದಂತಿದ್ದು, ಬೇಸಿಗೆ ಬರುವ ಹೊತ್ತಿಗೆ ಇಟ್ಟಂಗಿ ಪುಡಿ ಕಲಸಿಟ್ಟಂತೆ ಗಾಢವಾಗುತ್ತದೆ. ದಂಡೆಯ ಕಲ್ಲುಗಳಿಗೆ ಹಳದಿ ಹುಡಿ ಮೆತ್ತಿಕೊಂಡಿರುತ್ತದೆ. ಸುತ್ತ ಒಂದು ಎಸಳು ಹುಲ್ಲು ಇರುವುದಿಲ್ಲ.

ನಮ್ಮದು ಕುರಿ ಸಾಕುವ ಮನೆ. ಸುಗ್ಗಿ ಮುಗಿದ ಮೇಲೆ ಅಪ್ಪ ಕುರಿ ಹೊಡೆದುಕೊಂಡು ಹೊಳೆ ಕಡೆಯ ಹೊಲಗಳಿಗೆ ಹೋಗಿಬಿಡುತ್ತಿದ್ದ. ಹೊಲದವರು ಗೊಬ್ಬರಕ್ಕಾಗಿ ರಾತ್ರಿ ತಮ್ಮ ಹೊಲದಲ್ಲೇ ಕುರಿ ತರುಬಿಸಿಕೊಳ್ಳುತ್ತಿದ್ದರು. ಅವ್ವ ಮನೆಯಲ್ಲಿದ್ದು ಉಣ್ಣೆ ನೂಲುತ್ತಿದ್ದಳು, ಕಂಬಳಿ ನೇಯುವವರಿಗೆ ಕೊಡುತ್ತಿದ್ದಳು. ನಮ್ಮ ಕುರಿಗಳ ಉಣ್ಣೆ ಹೆಚ್ಚಿನಂಶ ಕಪ್ಪೇ. ಆದರೂ ಕೆಲವು ಕುರಿಗಳದ್ದು ಕಂದು ಇರುತ್ತಿತ್ತು, ಕೆಲವದರಲ್ಲಿ ಬಿಳಿ ಬೆರೆತಿರುತ್ತಿತ್ತು. ಕಂಬಳಿಯ ಅಂಚಿಗೆ ಆ ನೂಲು ನಡೆಯುವುದಿಲ್ಲ, ಅಚ್ಚ ಕಪ್ಪು ಬೇಕು. ಆ ಕಪ್ಪು ಬಣ್ಣವನ್ನು ಅವ್ವ ಗವಿಯ ನೀರಿನಿಂದ ಮಾಡುತ್ತಿದ್ದಳು.

ಒಂದು ಕೊಡ ನೀರು ತಂದು ಬೇವಿನ ಮರದ ಕೆಳಗೆ ಮಣ್ಣಿನ ಹರವಿಯಲ್ಲಿ ಹಾಕಿಡುತ್ತಿದ್ದಳು. ಬಾಯಿಗೆ ತೆಳುವಾದ ಬಟ್ಟೆ ಕಟ್ಟುತ್ತಿದ್ದಳು. ಎಂಟು ಹತ್ತು ದಿನ ಬಿಟ್ಟು ನೋಡಿದರೆ, ಗವಿಯಲ್ಲಿ ಕೆಂಪಗಿದ್ದರೂ ಅವ್ವ ತಂದಾಗ ಹೇಗೋ ತಿಳಿಯಾಗಿರುತ್ತಿದ್ದ ನೀರು ಕೆಂಪಗಾಗಿರುತ್ತಿತ್ತು. ಆಮೇಲೆ ಒಣಗಿದ ಕರಿಜಾಲಿ ಕಾಯಿಗಳನ್ನು ಜಜ್ಜಿ ಕುದಿಸಿ, ಆ ಕಷಾಯದಲ್ಲಿ ನೂಲನ್ನು ನೆನೆಹಾಕಿ, ಹಿಂಡಿ, ಕೆಂಪು ನೀರಿಗೆ ಅದ್ದುತ್ತಿದ್ದಳು. ಅದ್ದಿದ ಕೂಡಲೇ ನೂಲು ಕಪ್ಪಾಗುತ್ತಿತ್ತು. ಕೋಲು ಹಿಡಿದು ತಿರುವುವ ಕೆಲಸ ನನ್ನದು. ವಾರಗಟ್ಟಲೆ ನನ್ನ ಅಂಗೈ ಕಪ್ಪಾಗಿರುತ್ತಿತ್ತು. ಒಮ್ಮೆ ಶಾಲೆಯಲ್ಲಿ ಮಾಸ್ತರರು, ಮಸಿ ಚೆಲ್ಲಿಕೊಂಡು ಆಟ ಆಡಿದ್ದೀಯಾ ಎಂದು ಬೈದು ಹೊರಗೆ ನಿಲ್ಲಿಸಿದ್ದರು. ಹೀಗೆ ಎಂದು ಹೇಳಿದರೆ ನಂಬಲಿಲ್ಲ. ಕೆಂಪು ನೀರಿಂದ ಕಪ್ಪು ಬಣ್ಣ ಹೆಂಗೆ ಬರುತ್ತದೆ ಎಂದು ಅವರು ಕೇಳಿದರು. ನನಗೂ ಗೊತ್ತಿರಲಿಲ್ಲ. ಕೇಳಬೇಕು ಅಂತ ಅನ್ನಿಸಿಯೂ ಇರಲಿಲ್ಲ. ಅನ್ನ ಹೇಗೆ ಬೇಯುತ್ತದೆ ಎಂದು ಯಾರು ಕೇಳುತ್ತಾರೆ?

ಸುರಪುರದಲ್ಲಿ ಓದಿ, ಮುಂದೆ ಕಲಬುರಗಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದೆ. ಅಲ್ಲಿ ಒಂದು ಮಧ್ಯಾಹ್ನ ನಮ್ಮ ಪ್ರಾಧ್ಯಾಪಕರು ಕಬ್ಬಿಣವನ್ನೇ ಆಹಾರ ಮಾಡಿಕೊಂಡು ಬದುಕುವ ಬ್ಯಾಕ್ಟೀರಿಯಾಗಳ ಬಗ್ಗೆ ಹೇಳಿದರು. ಹಳೆಯ ಗಣಿಗಳ ಹುಳಿ ನೀರಿನಲ್ಲಿ ಇರುತ್ತವೆ, ಬೇರೆ ಯಾವ ಜೀವಿಯೂ ನಿಲ್ಲಲಾರದ ಹುಳಿಯಲ್ಲಿ ಇವು ಹಾಯಾಗಿ ಇರುತ್ತವೆ ಎಂದರು. ಹೆಸರು ಬೋರ್ಡಿನ ಈ ತುದಿಯಿಂದ ಆ ತುದಿಗೆ ಬಂತು. ಆಗ ಥಯೋಬ್ಯಾಸಿಲಸ್ ಎನ್ನುತ್ತಿದ್ದರು. ಆಮೇಲೆ ಹೆಸರು ಇನ್ನೂ ಉದ್ದವಾಗಿ ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಆಯಿತು. ನಾನು ಅದನ್ನು ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಬರೆದೆ, ಮರೆತೆ. ನಮ್ಮ ಗುಡ್ಡದ ಗವಿ ಒಂದು ಕ್ಷಣವೂ ನೆನಪಿಗೆ ಬರಲಿಲ್ಲ. ಪುಸ್ತಕದಲ್ಲಿದ್ದ ಗಣಿ ಯಾವುದೋ ಬೇರೆ ದೇಶದ್ದು, ಅಲ್ಲಿಯ ನೀರೂ ಬೇರೆಯದೇ ಎಂದು ಮನಸ್ಸು ತಾನೇ ತೀರ್ಮಾನ ಮಾಡಿಬಿಟ್ಟಿತ್ತು.

ಶಹಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿ ಬಹಳ ವರ್ಷವಾದ ಮೇಲಿನ ಮಾತು. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿಯರಿಗೂ ಹುಡುಗರಿಗೂ ನಿಮ್ಮ ನಿಮ್ಮ ಊರಿನ ನೀರು ತನ್ನಿ ಎಂದು ಹೇಳಿದ್ದೆ. ಕಾಲುವೆ ನೀರು, ಭೀಮಾ ನೀರು, ಕೆರೆ ನೀರು, ಕೊಳವೆಬಾವಿ ನೀರು ಎಲ್ಲ ಬಂದವು. ಎಲ್ಲದರಲ್ಲೂ ಏನಾದರೊಂದು ಓಡಾಡುತ್ತಿತ್ತು. ಗೋಗಿಯಿಂದ ದಿನಾ ಟಂಟಂ ಗಾಡಿಯಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, ಯಾವ ಜೀವಿಯೂ ಇಲ್ಲದ ನೀರು ಎಲ್ಲಾದರೂ ಇದೆಯೇ ಎಂದು ಕೇಳಿದಳು. ನಾನು ತಡಮಾಡದೆ, ಇದೆ, ನಮ್ಮೂರಿನ ಗವಿಯಲ್ಲಿದೆ, ಅದರಲ್ಲಿ ಸೊಳ್ಳೆ ಸಹ ಮೊಟ್ಟೆ ಇಡುವುದಿಲ್ಲ ಎಂದೆ. ಕೆಂಪು ನೀರು, ಅದರಿಂದ ಅವ್ವ ಮಾಡುವ ಕಪ್ಪು ಬಣ್ಣ, ಹಳದಿ ಹುಡಿ, ಹಳೆಯ ಚಿನ್ನದ ತಗ್ಗು ಎಂದು ವರ್ಣಿಸುತ್ತ ಹೋದೆ. ಹೇಳುತ್ತಿದ್ದ ಹಾಗೆ ನನ್ನ ಮಾತು ನನಗೇ ಕೇಳಿಸಿತು. ಪುಸ್ತಕದಲ್ಲಿದ್ದ ಹಳೆಯ ಗಣಿಯ ಹುಳಿ ನೀರೂ ಹೀಗೇ ಅಲ್ಲವೇ? ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿದ್ದು ಬಹುಶಃ ತಪ್ಪು, ಮುಂದಿನ ವಾರ ಗೊತ್ತಾಗುತ್ತದೆ ಎಂದು ಹೇಳಿ ತರಗತಿ ಮುಗಿಸಿದೆ.

ಶನಿವಾರ ಸುರಪುರಕ್ಕೆ ಹೋಗಿ, ಅಲ್ಲಿಂದ ಕಕ್ಕೇರಾ ಬಸ್ಸು ಹಿಡಿದು ಊರಿಗೆ ಹೋದೆ. ಚೀಲದಲ್ಲಿ ನಾಲ್ಕು ಗಾಜಿನ ಬಾಟಲಿ, ಕೈಗವಸು, ಪಿಎಚ್ ಕಾಗದ. ಅವ್ವ ಬಾಟಲಿಗಳನ್ನು ನೋಡಿ ಔಷಧಿಗೋ ಎಂದು ಕೇಳಿದಳು. ಗವಿಯ ನೀರಿಗೆ ಎಂದಾಗ, ಅದರಲ್ಲಿ ಏನೂ ಇಲ್ಲ, ಕಪ್ಪೆ ಇಲ್ಲ, ಹುಳ ಇಲ್ಲ, ಬಾಯಾರಿದ ಕುರಿಯೂ ಮೂಸಿ ನೋಡಿ ಹಿಂದೆ ಸರಿಯುತ್ತದೆ ಎಂದಳು. ಕಣ್ಣಿಗೆ ಕಾಣದ್ದು ಇರಬಹುದು ಎಂದೆ. ಕಣ್ಣಿಗೆ ಕಾಣದ್ದರ ಜತೆ ಅವ್ವನಿಗೆ ವಾದವಿಲ್ಲ. ಚಪ್ಪಲಿ ಮೆಟ್ಟಿಕೊಂಡು ನನ್ನ ಜತೆಗೆ ಹೊರಟಳು.

ನಾನು ಕೆಳಗಿಳಿದೆ, ಅವಳು ಮೇಲೆ ನಿಂತಳು. ಕಾಗದ ಅದ್ದಿ ನೋಡಿದರೆ ಎರಡೂವರೆ ಆಸುಪಾಸು ಬಂತು. ಅಂದರೆ ನಿಂಬೆಹಣ್ಣಿನ ರಸದಷ್ಟೇ ಹುಳಿ. ಕೈಗೆ ಸಿಕ್ಕ ಕಡೆ ಬಾಟಲಿ ಮುಳುಗಿಸಿ ತುಂಬಿಕೊಂಡೆ. ಅವ್ವ ಮೇಲಿನಿಂದ, ಅಲ್ಲಿಯದು ಬೇಡ, ಒಳಗಿನ ಮೂಲೆಯದು ತಗೋ ಎಂದು ಕೂಗಿ ಹೇಳಿದಳು. ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. ನೀರು ಎಲ್ಲಿಯದಾದರೇನು, ಎಲ್ಲ ಒಂದೇ ತಗ್ಗಿನದು ಎಂದುಕೊಂಡೆ. ಓದಿದವಳು ನಾನಲ್ಲವೇ.

ಪ್ರಯೋಗಾಲಯದಲ್ಲಿ ನಡೆದದ್ದನ್ನು ಈಗ ನೆನೆದರೆ ನಗು ಬರುತ್ತದೆ. ಮೊದಲು ಎಲ್ಲ ಬ್ಯಾಕ್ಟೀರಿಯಾಗಳಿಗೆ ಮಾಡುವಂತೆ ಮಾಂಸದ ಸಾರ, ಪೆಪ್ಟೋನ್ ಹಾಕಿ ಹೆಪ್ಪುಗಟ್ಟಿಸಿದ ಅಗರ್ ತಟ್ಟೆಗಳ ಮೇಲೆ ಆ ನೀರು ಹಚ್ಚಿದೆ. ಒಂದು ವಾರ ಕಾದರೆ ಒಂದು ತಟ್ಟೆಯಲ್ಲಿ ಬೂಸಲು ಬಂತು, ಅಷ್ಟೇ. ಹೊಟ್ಟೆ ತುಂಬ ಊಟ ಹಾಕಿದರೆ ಈ ಜೀವಿಗಳು ಬೆಳೆಯುವುದಿಲ್ಲ, ಸಾಯುತ್ತವೆ ಎಂಬುದನ್ನು ಆಮೇಲೆ ಹಳೆಯ ಟಿಪ್ಪಣಿ ತೆಗೆದು ಓದಿಕೊಂಡೆ. ಅವಕ್ಕೆ ಸಕ್ಕರೆ ಬೇಡ, ಸಾರು ಬೇಡ. ಕರಗಿದ ಕಬ್ಬಿಣ, ಗಾಳಿ, ಚಿಟಿಕೆ ಉಪ್ಪುಗಳು, ಮೇಲೆ ಹುಳಿ. ಅದಕ್ಕೆ ಅಗರ್‌ಗೇ ಹುಳಿ ಬೆರೆಸಿ ಕುದಿಸಿದೆ. ಅದು ಗಟ್ಟಿಯಾಗಲೇ ಇಲ್ಲ. ನಮ್ಮ ಪ್ರಯೋಗಾಲಯದ ಅಟೆಂಡರ್ ನನಗಿಂತ ಹಿರಿಯರು, ನಾನು ಸೇರುವ ಮೊದಲಿನಿಂದ ಅಲ್ಲಿದ್ದವರು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರು ತಟ್ಟೆಯನ್ನು ವಾಲಿಸಿ ನೋಡಿದರು.

"ಮೇಡಂ, ಇದು ಅಂಬಲಿ ಆಗ್ಯಾದ್ರಿ," ಅಂದರು. "ಮಜ್ಜಗಿ ಹಾಕಿದ್ರ ಕುಡೀಬೌದು."

ಸರಿ, ತಟ್ಟೆ ಬಿಟ್ಟು ಫ್ಲಾಸ್ಕಿನಲ್ಲಿ, ಅಂದರೆ ಗಾಜಿನ ಬುರುಡೆಯಲ್ಲಿ, ನೀರಿನಲ್ಲೇ ಬೆಳೆಸಬೇಕು ಎಂದಾಯಿತು. ಅದಕ್ಕೆ ಬೇಕಾದ ಕಬ್ಬಿಣದ ಉಪ್ಪು, ಅಂದರೆ ಅನ್ನಭೇದಿ, ಕಾಲೇಜಿನ ಬಾಟಲಿಯಲ್ಲಿ ಯಾವಾಗಲೋ ಹಳತಾಗಿ ಕಂದುಗಟ್ಟಿತ್ತು. ಕಾಕಾ ನನ್ನನ್ನು ಗೊಬ್ಬರದ ಅಂಗಡಿಗೆ ಕರೆದುಕೊಂಡು ಹೋದರು. ಎಲೆ ಹಳದಿಯಾದ ಪೈರಿಗೆ ರೈತರು ಅದನ್ನೇ ಸಿಂಪಡಿಸುತ್ತಾರೆ. ಎಷ್ಟು ಎಕರೆಗೆ ಎಂದು ಅಂಗಡಿಯವನು ಕೇಳಿದ. ಎರಡು ಗಾಜಿನ ಬುರುಡೆಗೆ ಎಂದೆ. ಅವನು ಕಾಕಾನ ಕಡೆ ನೋಡಿದ, ಕಾಕಾ ರಸ್ತೆಯ ಕಡೆ ನೋಡಿದರು. ಕೊನೆಗೆ ಚೀಲದಲ್ಲಿ ಕೈಯಾಡಿಸಿ ಹಸಿರು ಹರಳುಗಳನ್ನೇ ಆರಿಸಿ ಒಂದು ಪೊಟ್ಟಣ ಕಟ್ಟಿಕೊಟ್ಟ.

ಅನ್ನಭೇದಿ ಕರಗಿಸಿದ ನೀರು ತಿಳಿಹಸಿರು ಇರುತ್ತದೆ. ಈ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದರೆ ಕಬ್ಬಿಣವನ್ನು ಬದಲಾಯಿಸಿ ನೀರನ್ನು ಕೆಂಪು ಮಾಡುತ್ತದೆ. ಅದೇ ಗುರುತು. ಎರಡು ಬುರುಡೆಗಳಲ್ಲಿ ಒಂದಕ್ಕೆ ಗವಿಯ ನೀರಿನ ಹನಿ ಹಾಕಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಹುಳಿಗೆ ಗಂಧಕಾಮ್ಲ ಹಾಕುವಾಗ ಒಂದು ಹನಿ ಸಿಡಿದು ನನ್ನ ಹತ್ತಿಯ ಸೀರೆಗೆ ಬಿತ್ತು. ಸಂಜೆ ಮನೆಗೆ ಹೋಗಿ ನೋಡಿದರೆ ನೆರಿಗೆಯ ಮೇಲೆ ಕಡಲೆಕಾಳಿನಷ್ಟು ತೂತು. ಹನಿ ಸಿಡಿದ ಭಯಕ್ಕೆ ಆಮ್ಲವನ್ನು ಬೇಕಾದಷ್ಟು ಹಾಕದೆ ಕೈ ಹಿಡಿದಿದ್ದೆ.

ನಾಲ್ಕನೆಯ ದಿನ ಹನಿ ಹಾಕಿದ ಬುರುಡೆ ಕೆಂಪಾಗಿತ್ತು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅದನ್ನು ಎತ್ತಿಕೊಂಡು ನೇರವಾಗಿ ತರಗತಿಗೆ ಹೋಗಿ, ನಮ್ಮೂರಿನ ಗವಿಯಲ್ಲಿ ಜೀವ ಇದೆ, ಇಲ್ಲಿ ನೋಡಿ ಎಂದು ತೋರಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು. ವಾಪಸು ಬಂದಾಗ ಕಾಕಾ ಇನ್ನೊಂದು ಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಏನೂ ಹಾಕದ ಬುರುಡೆ. ಅದೂ ಅಷ್ಟೇ ಕೆಂಪಾಗಿತ್ತು.

ಹುಳಿ ಕಡಿಮೆಯಾದರೆ ಕಬ್ಬಿಣ ಬರೀ ಗಾಳಿಗೇ ಕೆಂಪಾಗುತ್ತದೆ. ಅದಕ್ಕೆ ಯಾವ ಜೀವಿಯೂ ಬೇಕಿಲ್ಲ. ನಾನು ಬ್ಯಾಕ್ಟೀರಿಯಾ ಎಂದು ತೋರಿಸಿದ್ದು ತುಕ್ಕನ್ನು. ಮರುದಿನ ತರಗತಿಗೆ ಹೋಗಿ ಎರಡೂ ಬುರುಡೆಗಳನ್ನು ಮೇಜಿನ ಮೇಲೆ ಇಟ್ಟು, ನಿನ್ನೆ ಹೇಳಿದ್ದು ತಪ್ಪು, ಯಾಕೆ ತಪ್ಪು ಎಂದರೆ ಹೀಗೆ ಎಂದು ವಿವರಿಸಿದೆ. ಅದು ಸುಲಭವಿರಲಿಲ್ಲ. ಆದರೆ ಆ ವರ್ಷದ ಹುಡುಗರು ಏನೂ ಹಾಕದ ಬುರುಡೆ ಯಾಕೆ ಬೇಕು ಎಂಬುದನ್ನು ಎಂದೂ ಮರೆತಿರಲಾರರು.

ಆ ಸಂಜೆ ಅವ್ವನಿಗೆ ಫೋನು ಮಾಡಿದೆ. ಬೇಸರದಲ್ಲಿದ್ದೆ, ನಡೆದದ್ದನ್ನೆಲ್ಲ ಹೇಳಿಕೊಂಡೆ. ಅವಳಿಗೆ ಅರ್ಥವಾಗಲಿ ಎಂದು ಹೇಳಿದ್ದಲ್ಲ, ಯಾರಿಗಾದರೂ ಹೇಳಬೇಕಿತ್ತು.

"ನೀ ನೀರು ಕುದಿಸಿದ್ದೇನು?" ಅಂದಳು.

ಇಲ್ಲ, ಯಾಕೆ ಎಂದೆ.

"ಕುದಿಸಿದ ನೀರು ಕೆಂಪಾಗಾಂಗಿಲ್ಲ, ಅದಕ್ಕ ಕೇಳಿದೆ. ನೀ ಹುಟ್ಟೋಕಿಂತ ಮೊದಲಿನ ಮಾತು. ಕಂಬಳಿಯವರು ಗಡಿಬಿಡಿ ಮಾಡಾಕತ್ತಿದ್ರು. ಬಿಸಿ ಮಾಡಿದ್ರ ಲಗೂನ ಕೆಂಪಾಗ್ತದ ಅಂತ ಒಂದು ಹರವಿ ನೀರು ಕುದಿಸಿ ಇಟ್ಟೆ. ಹದಿನೈದು ದಿನ ಆದ್ರೂ ಹಂಗೇ ತಿಳಿ ಇತ್ತು. ನೂಲು ಅದ್ದಿದ್ರ ಬೂದಿ ಬಣ್ಣ ಬಂತು. ಬಾಜೂದ ಹರವಿ, ಕುದಿಸಲಾರದ್ದು, ಎಂಟು ದಿನಕ್ಕ ಕೆಂಪಾಗಿತ್ತು."

ನಾನು ಫೋನು ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತೆ. ಎರಡು ಹರವಿ, ಒಂದು ಕುದಿಸಿದ್ದು, ಒಂದು ಕುದಿಸದ್ದು, ಪಕ್ಕ ಪಕ್ಕ. ನಾನು ಎರಡು ವಾರ ಗುದ್ದಾಡಿ ಕೆಡಿಸಿದ ಪ್ರಯೋಗವನ್ನು ಅವ್ವ ನಾನು ಹುಟ್ಟುವ ಮೊದಲೇ ನಮ್ಮ ಬೇವಿನ ಮರದ ಕೆಳಗೆ ಮಾಡಿ, ಫಲಿತಾಂಶವನ್ನೂ ನೆನಪಿಟ್ಟುಕೊಂಡಿದ್ದಳು.

"ಕುದಿಸಿದ್ರ ಯಾಕ ಕೆಂಪಾಗಲ್ಲ ಅಂತ ನಿನಗ ಅನಸ್ತಿತ್ತವ್ವ?" ಎಂದು ಕೇಳಿದೆ.

"ನೀರು ಸಾಯ್ತದ ಅಂತ ಅನ್ಕೊಂಡಿದ್ದೆ," ಅಂದಳು. "ಈ ಸಲ ಬಾ. ಎಲ್ಲಿದು ತಗೋಬೇಕು ನಾ ತೋರಸ್ತೀನಿ."

ಎರಡನೆಯ ಸಲ ಅವ್ವ ಮೇಲೆ ನಿಲ್ಲಲಿಲ್ಲ. ಸೀರೆ ಎತ್ತಿ ಕಚ್ಚೆ ಹಾಕಿಕೊಂಡು, ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಕಲ್ಲಿನ ಮೇಲೆ ಇಟ್ಟು ಇಳಿದಳು. ಒಳಗಿನ ಬಲಮೂಲೆಯಲ್ಲಿ ಬಂಡೆಯ ಬಿರುಕಿನಿಂದ ನೀರು ಜಿನುಗುತ್ತಿತ್ತು. ಅಲ್ಲಿ ಅದು ಕೆಂಪಾಗಿರಲಿಲ್ಲ, ಹೆಚ್ಚುಕಡಿಮೆ ತಿಳಿಯಾಗಿತ್ತು. ಬಿರುಕಿನ ಕೆಳಗೆ ಮಾತ್ರ ಬೆರಳುದ್ದದ ಲೋಳೆ ಎಳೆಗಳು ತೂಗಾಡುತ್ತಿದ್ದವು. ಅವ್ವ ಕೊಡಕ್ಕೆ ಹಿಡಿಯುತ್ತಿದ್ದ ನೀರು ಇದೇ. ಹೊಂಡದ ಕೆಂಪು ನೀರು ಹಳೆಯದು, ಅದರಲ್ಲಿ ಬಣ್ಣ ಹಿಡಿಯುವುದಿಲ್ಲ, ಬರೀ ಕೆಸರು ಮೆತ್ತುತ್ತದೆ ಎಂದಳು. ಹೊಸ ನೀರಿನ ಜತೆ ಒಂದು ಚೂರು ಲೋಳೆಯೂ ಹರವಿಗೆ ಬರಬೇಕು, ಇಲ್ಲದಿದ್ದರೆ ಕೆಂಪಾಗಲು ತಡವಾಗುತ್ತದೆಯಂತೆ. ನಾನು ಚಿಮಟದಿಂದ ಒಂದು ಎಳೆ ತೆಗೆದು ಬಾಟಲಿಗೆ ಹಾಕಿದೆ. ಅದರೊಳಗಿನ ಲಕ್ಷಾಂತರ ಜೀವಿಗಳು ಕಲ್ಲಿನಿಂದ ಕರಗಿ ಬರುವ ಕಬ್ಬಿಣಕ್ಕಾಗಿ ಅಲ್ಲೇ ಮನೆ ಮಾಡಿಕೊಂಡಿವೆ ಎಂದು ಅವಳಿಗೆ ಹೇಳಿದೆ. ಅವಳು ಆ ಬಿರುಕನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಾಲು ಜಾರುತ್ತದೆ, ಹುಷಾರಾಗಿ ಹತ್ತು ಎಂದಳು.

ಈ ಸಲ ಅನ್ನಭೇದಿ ನೀರಿನ ನಾಲ್ಕು ಬುರುಡೆ ಇಟ್ಟೆವು. ಆಮ್ಲಕ್ಕೆ ಕೈ ಹಿಡಿಯಲಿಲ್ಲ. ಪಿಎಚ್ ಕಾಗದದಲ್ಲಿ ಎರಡು ಬರುವ ತನಕ ಹಾಕಿದೆ, ಅದೂ ಹಳೆಯ ಸೀರೆ ಉಟ್ಟುಕೊಂಡು. ಎರಡು ಬುರುಡೆಗೆ ಜಿನುಗು ನೀರನ್ನು ಹಾಗೇ ಹಾಕಿದೆವು, ಇನ್ನೆರಡಕ್ಕೆ ಅದನ್ನೇ ಚೆನ್ನಾಗಿ ಕುದಿಸಿ ಆರಿಸಿ ಹಾಕಿದೆವು. ಬಾಯಿಗೆ ಹತ್ತಿ ತುರುಕಿ ಕಿಟಕಿಯಿಂದ ದೂರದ ಕಪಾಟಿನಲ್ಲಿಟ್ಟೆವು. ದಿನಕ್ಕೆ ಮೂರು ಸಲ ಅಲುಗಾಡಿಸುವ ಕೆಲಸವನ್ನು ಕಾಕಾ ತಾವೇ ವಹಿಸಿಕೊಂಡರು. ಅವರು ಅದನ್ನು ಕೂಸಿಗೆ ತೊಟ್ಟಿಲು ತೂಗಿದಂತೆ ಮಾಡುತ್ತಿದ್ದರು.

ಐದು ದಿನ ಏನೂ ಆಗಲಿಲ್ಲ. ಎಂಟನೆಯ ದಿನವೂ ನಾಲ್ಕೂ ತಿಳಿಹಸಿರು. ನಾನು ಆಸೆ ಬಿಡುತ್ತ ಬಂದಿದ್ದೆ. ಹತ್ತನೆಯ ದಿನ ಬೆಳಿಗ್ಗೆ ಕಾಲೇಜಿನ ಗೇಟಿನಲ್ಲೇ ಕಾಕಾ ನಿಂತಿದ್ದರು. ಒಳಗೆ ಬರ್ರಿ ಎಂದಷ್ಟೇ ಹೇಳಿ ಮುಂದೆ ನಡೆದರು. ಕಪಾಟು ತೆರೆದರೆ ಎರಡು ಬುರುಡೆ ಹಳದಿಗೆ ತಿರುಗಿದ್ದವು. ಕುದಿಸಿದ ನೀರಿನವು ಎರಡೂ ಹಸಿರಾಗಿಯೇ ಇದ್ದವು. ಮೂರು ದಿನ ಕಳೆಯುವಷ್ಟರಲ್ಲಿ ಹಳದಿ ಹೋಗಿ ಗಟ್ಟಿ ಕೆಂಪಾಯಿತು. ಹಸಿರಾಗಿದ್ದವು ಹಸಿರಾಗಿಯೇ ಉಳಿದವು. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನುಚ್ಚಿನಂಥ ಚಿಕ್ಕ ಚಿಕ್ಕ ಕಡ್ಡಿಗಳು ಒಂದೊಂದಾಗಿ, ಜೋಡಿ ಜೋಡಿಯಾಗಿ ಮಿಸುಕಾಡುತ್ತಿದ್ದವು. ನಾನು ಬಹಳ ಹೊತ್ತು ನೋಡಿದೆ. ನಂತರ ಕಾಕಾ ನೋಡಿದರು. ಅಷ್ಟು ವರ್ಷ ಆ ಸೂಕ್ಷ್ಮದರ್ಶಕವನ್ನು ಒರೆಸಿದ್ದ ಅವರು ತಾವಾಗಿ ಅದರಲ್ಲಿ ಕಣ್ಣಿಟ್ಟಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು. ನನಗೆ ನಾಚಿಕೆಯಾಯಿತು. ನಾವು ಯಾರೂ ಅವರನ್ನು ಎಂದೂ ಕರೆದಿರಲಿಲ್ಲ.

ಇದು ಪುಸ್ತಕದಲ್ಲಿದ್ದ ಅದೇ ಜಾತಿಯೋ, ಅದರ ಸೋದರ ಸಂಬಂಧಿಯೋ ಎಂದು ಖಚಿತವಾಗಿ ಹೇಳುವ ಸಾಧನ ನಮ್ಮ ಪ್ರಯೋಗಾಲಯದಲ್ಲಿಲ್ಲ. ನಡತೆ ನೋಡಿದರೆ ಅದೇ. ತರಗತಿಯಲ್ಲೂ ಹಾಗೇ ಹೇಳಿದೆ, ಒಂದು ಸಲ ಸುಟ್ಟುಕೊಂಡವಳು ನಾನು. ಗೋಗಿಯ ಹುಡುಗಿ ಎದ್ದು ನಿಂತು, ಕೆಂಪಾದದ್ದರಿಂದ ಕಪ್ಪು ಬಣ್ಣ ಬರುತ್ತದೆ ಎಂದಿದ್ದಿರಲ್ಲ, ಅದನ್ನು ನೋಡಬಹುದೇ ಎಂದು ಕೇಳಿದಳು. ಅದನ್ನು ತೋರಿಸಬೇಕಾದವಳು ನಾನಲ್ಲ.

ಅವ್ವನನ್ನು ಒಪ್ಪಿಸುವುದು ಗವಿಗೆ ಇಳಿದಷ್ಟು ಸುಲಭವಾಗಲಿಲ್ಲ. ಕಾಲೇಜಿನಲ್ಲಿ ತನಗೇನು ಕೆಲಸ, ಓದಿದ ಮಕ್ಕಳೆದುರು ತಾನೇನು ಹೇಳುವುದು ಎಂದು ಎರಡು ವಾರ ಮುಂದೂಡಿದಳು. ಕೊನೆಗೆ ಅಪ್ಪ, ನೀ ಹೋಗದಿದ್ದರೆ ನಾನು ಹೋಗುತ್ತೇನೆ, ನನಗೂ ಅದು ಬರುತ್ತದೆ ಎಂದನಂತೆ. ಅಪ್ಪನಿಗೆ ಅದು ಬರುವುದಿಲ್ಲ. ಹಾಗೆ ಹೇಳಿದ ಮರುದಿನವೇ ಅವ್ವ ಹಸಿರು ಇಳಕಲ್ ಸೀರೆ ಉಟ್ಟು, ಒಂದು ಕೈಚೀಲದಲ್ಲಿ ಜಾಲಿ ಕಾಯಿ, ಇನ್ನೊಂದರಲ್ಲಿ ಬಿಳಿ ಉಣ್ಣೆಯ ನೂಲು ಹಿಡಿದು ಶಹಾಪುರ ಬಸ್ ನಿಲ್ದಾಣದಲ್ಲಿ ಇಳಿದಳು.

ಮೊದಲು ಅವಳಿಗೆ ಸೂಕ್ಷ್ಮದರ್ಶಕ ತೋರಿಸಿದೆ. ಬರೀ ತನ್ನ ಕಣ್ಣಿನ ರೆಪ್ಪೆ ಕಾಣುತ್ತಿದೆ ಎಂದಳು. ಕಾಕಾ ಸ್ಟೂಲಿನ ಎತ್ತರ ಸರಿಮಾಡಿದರು. ಇನ್ನೊಂದು ಕಣ್ಣು ಮುಚ್ಚಬೇಡವೆಂದು ನಾನು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೇಜಿನ ಅಂಚು ಹಿಡಿದು ಇನ್ನಷ್ಟು ಬಗ್ಗಿದಳು. ಕಂಡಿತು ಎಂದು ಗೊತ್ತಾಯಿತು.

"ಇವೇ ಏನು?" ಅಂದಳು, ಕಣ್ಣು ತೆಗೆಯದೆ.

"ಇವೇ ಅವ್ವ."

"ಕಬ್ಬಿಣ ಉಣ್ತಾವ ಅಂದಿ. ಮತ್ತೇನೂ ಬ್ಯಾಡೇನು ಇವಕ್ಕ?"

ಮೈ ಬೆಳೆಸಿಕೊಳ್ಳಲು ಬೇಕಾದ್ದನ್ನು ಗಾಳಿಯಿಂದ ತೆಗೆದುಕೊಳ್ಳುತ್ತವೆ, ಗಿಡಗಳು ತೆಗೆದುಕೊಂಡ ಹಾಗೆ, ಆದರೆ ಇವಕ್ಕೆ ಬಿಸಿಲೂ ಬೇಡ ಎಂದೆ.

"ಬಾಳ ಸಾದಾ ಮಂದಿ," ಅಂದಳು ಅವ್ವ.

ಆಮೇಲೆ ಅವಳು ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಪ್ರಯೋಗಾಲಯದ ಒಲೆಯ ಮೇಲೆ ಜಾಲಿ ಕಾಯಿ ಕುದಿಯಿತು. ಇಡೀ ಕಾರಿಡಾರಿನಲ್ಲಿ ಅದರ ಒಗರು ವಾಸನೆ ಹರಡಿ ಬೇರೆ ವಿಭಾಗದವರೂ ಬಾಗಿಲಲ್ಲಿ ಬಂದು ನಿಂತರು. ಹುಡುಗಿಯರು ನೋಟುಬುಕ್ಕು ತೆರೆದುಕೊಂಡು ಎಷ್ಟು ಗ್ರಾಂ ಕಾಯಿ, ಎಷ್ಟು ನಿಮಿಷ ಎಂದು ಕೇಳಿದರು. ಎರಡು ಬೊಗಸೆ, ನೀರು ಬೆಲ್ಲದ ಬಣ್ಣ ಬರುವ ತನಕ ಎಂದಳು. ಅವರು ಹಾಗೇ ಬರೆದುಕೊಂಡರು. ನೂಲನ್ನು ಕಷಾಯದಲ್ಲಿ ನೆನೆಸಿ, ಹಿಂಡಿ, ಎರಡು ಪಾಲು ಮಾಡಿದಳು. ಒಂದನ್ನು ಕುದಿಸಿದ ನೀರು ಹಾಕಿದ್ದ ಹಸಿರು ಬುರುಡೆಯಿಂದ ಬಗ್ಗಿಸಿದ ಬೋಗುಣಿಗೆ ಅದ್ದಿದಳು. ಅದು ಮಾಸಲು ಬೂದಿ ಬಣ್ಣಕ್ಕೆ ಬಂದು ಅಲ್ಲೇ ನಿಂತಿತು. ಎರಡನೆಯದನ್ನು ಕೆಂಪು ನೀರಿನ ಬೋಗುಣಿಗೆ ಬಿಟ್ಟಳು. ನೂಲು ಮುಳುಗಿದ್ದೇ ತಡ, ಅಂಚಿನಿಂದ ಕಪ್ಪು ಓಡಿತು. ಕೋಲಿನಿಂದ ಎತ್ತಿ ಹಿಡಿದಾಗ ಅದು ತಲೆಗೂದಲಿನಷ್ಟು ಕಪ್ಪಾಗಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲ ಹತ್ತಿರ ಬಂದು ಬಗ್ಗಿ ನೋಡಿದರು. ಕಾಯಿಯ ಒಗರು ಕೆಂಪಾದ ಕಬ್ಬಿಣದ ಜತೆ ಕೂಡಿದರೆ ಕಪ್ಪಾಗುತ್ತದೆ ಎಂದು ನಾನು ಹೇಳಿದೆ. ಹುಳಿಗೆ ಉಣ್ಣೆ ಸುಡುವುದಿಲ್ಲವೇ, ಮೇಡಂ ಸೀರೆ ಸುಟ್ಟಿತಲ್ಲ ಎಂದು ಒಬ್ಬ ಹುಡುಗ ಕೇಳಿದ. ಹತ್ತಿ ತಾಳುವುದಿಲ್ಲ, ಉಣ್ಣೆ ತಾಳುತ್ತದೆ, ಅದಕ್ಕೇ ಬಣ್ಣ ಹಾಕುವ ದಿನ ತಾನು ಕಂಬಳಿಯ ತುಂಡು ಸುತ್ತಿಕೊಳ್ಳುತ್ತೇನೆ ಎಂದು ಅವ್ವ ಹೇಳಿದಳು. ಇದು ನನಗೂ ಗೊತ್ತಿರಲಿಲ್ಲ. ಅವಳು ಯಾಕೆ ಸೆಕೆಯಲ್ಲೂ ಸೊಂಟಕ್ಕೆ ಕಂಬಳಿ ಸುತ್ತಿಕೊಳ್ಳುತ್ತಿದ್ದಳೆಂದು ಚಿಕ್ಕವಳಿದ್ದಾಗ ನಾನು ನಗುತ್ತಿದ್ದೆ.

ಕೆಲಸ ಮುಗಿದ ಮೇಲೆ ಶಿಕ್ಷಕರ ಕೋಣೆಯಲ್ಲಿ ಕುಳಿತು ಅವ್ವ ಚಹಾ ಕುಡಿದಳು. ಅವಳ ಬೆರಳುಗಳು ಕಪ್ಪಾಗಿದ್ದವು. ಕೊಟ್ಟ ಬಿಸ್ಕಿಟ್ಟನ್ನು ಆ ಬೆರಳಲ್ಲಿ ಮುಟ್ಟದೆ ಕರವಸ್ತ್ರದಲ್ಲಿ ಹಿಡಿದು ತಿಂದಳು. ಸಂಜೆ ಸುರಪುರದ ಬಸ್ಸಿನಲ್ಲಿ ಅವಳನ್ನು ಬಿಡಲು ನಾನೂ ಹೋದೆ. ಕಿಟಕಿಯ ಪಕ್ಕ ಕುಳಿತು, ಹತ್ತಿ ಹೊಲಗಳನ್ನು ನೋಡುತ್ತಿದ್ದಳು.

"ಇಷ್ಟು ವರ್ಷ ಬಣ್ಣ ನಾ ಮಾಡ್ತೀನಿ ಅಂತ ತಿಳ್ಕೊಂಡಿದ್ದೆ," ಅಂದಳು. "ಅರ್ಧ ಕೆಲಸ ಅವು ಮಾಡಾಕತ್ತಾವ."

"ಬ್ಯಾಸರ ಆತೇನು?"

"ಯಾಕ ಬ್ಯಾಸರ? ಜತಿಗಿ ಮಂದಿ ಅದಾರಂತ ಗೊತ್ತಾತಲ್ಲ." ಎಂದು ಹೇಳಿ, ಸೀಟಿಗೆ ತಲೆ ಆನಿಸಿ, ಸುರಪುರ ಬರುವ ತನಕ ನಿದ್ದೆ ಮಾಡಿದಳು.

ಆ ಬ್ಯಾಕ್ಟೀರಿಯಾಗಳು ನಮ್ಮ ಕಪಾಟಿನಲ್ಲಿ ಇಂದಿಗೂ ಇವೆ. ತಿಂಗಳಿಗೊಮ್ಮೆ ಹಳೆಯ ಬುರುಡೆಯಿಂದ ನಾಲ್ಕು ಹನಿ ಹೊಸದಕ್ಕೆ ಹಾಕುತ್ತೇವೆ. ಕಾಕಾ ನಿವೃತ್ತರಾದರು. ಹೋಗುವ ದಿನ ಅವರು ಯಾವ ಭಾಷಣವನ್ನೂ ಮಾಡದೆ, ಹೊಸ ಅಟೆಂಡರನ್ನು ಕಪಾಟಿನ ಮುಂದೆ ನಿಲ್ಲಿಸಿ ಬುರುಡೆ ಅಲುಗಾಡಿಸುವುದನ್ನು ಕಲಿಸಿದರು. ಬೇಸಿಗೆ ರಜೆಯಲ್ಲಿ ಬುರುಡೆ ನನ್ನ ಮನೆಗೆ ಬರುತ್ತದೆ. ಅಡುಗೆಮನೆಯಲ್ಲಿ ಬೇಡ ಎಂದು ಮನೆಯವರು ಹೇಳಿದ್ದಾರೆ, ಅದು ನ್ಯಾಯವೇ. ಪುಸ್ತಕದ ಅಲ್ಮೇರಾದ ಕೆಳಗಿನ ಹಲಗೆ ಅದಕ್ಕೆ ಬಿಟ್ಟುಕೊಟ್ಟಿದ್ದೇನೆ.

ಅವ್ವ ಪ್ರತಿ ವರ್ಷ ಚಳಿಗಾಲದಲ್ಲಿ ಒಂದು ದಿನ ಬಂದು ಪ್ರಾಯೋಗಿಕ ತರಗತಿ ತೆಗೆದುಕೊಳ್ಳುವ ರೂಢಿಯಾಯಿತು. ಅವಳು ನನಗಿಂತ ಕಟ್ಟುನಿಟ್ಟು. ಕೋಲು ತಿರುವದೆ ಮೊಬೈಲ್ ನೋಡುತ್ತ ನಿಂತವರನ್ನು ಹೊರಗೆ ಕಳಿಸುತ್ತಾಳೆ. ಈ ವರ್ಷ ಮಾತ್ರ ಬರಲಿಲ್ಲ. ಕುರಿಗಳು ಮರಿ ಹಾಕುವ ಹೊತ್ತು, ಬಿಟ್ಟು ಬರಲಾಗುವುದಿಲ್ಲ ಎಂದು ಹೇಳಿ, ಪರಿಚಯದ ಕಂಡಕ್ಟರನ ಕೈಯಲ್ಲಿ ಒಂದು ಚೀಲ ಜಾಲಿ ಕಾಯಿ ಮತ್ತು ನೂಲು ಕಳಿಸಿದಳು. ನಾವೇ ಕುದಿಸಿದೆವು, ನಾವೇ ಅದ್ದಿದೆವು. ಹುಡುಗಿಯರು ಕಾಯಿಯನ್ನು ಬೊಗಸೆಯಲ್ಲೇ ಅಳೆದರು. ಒಣಗಿದ ನೂಲನ್ನು ಅದೇ ಬಸ್ಸಿನಲ್ಲಿ ವಾಪಸು ಕಳಿಸಿ, ಸಂಜೆ ಫೋನು ಮಾಡಿ ಹೇಗಿದೆ ಎಂದು ಕೇಳಿದೆ. ಹಿಂದಿನಿಂದ ಮರಿಗಳ ಕೂಗು ಕೇಳಿಸುತ್ತಿತ್ತು. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು ನೋಡುತ್ತೇನೆ, ತಡಿ ಎಂದಳು.

"ಒಂದು ಕಡೆ ಬಣ್ಣ ತುಸು ತೆಳ್ಳಗ ಬಂದದ," ಅಂದಳು. "ಅಂಚಿಗಿ ನಡೀತದ."